ಬಿಟ್ಟರೂ ಬಿಡದ ಬ್ರೇಕು

ಹತ್ತಿ ಸುಗ್ಗಿಯ ದಿನಗಳಲ್ಲಿ ನಮ್ಮ ಆದವಾನಿಯ ಮಾರ್ಕೆಟ್ ಯಾರ್ಡ್ ಕಡೆ ಒಮ್ಮೆ ಬಂದು ನೋಡಬೇಕು ನೀವು. ಟ್ರ್ಯಾಕ್ಟರು, ಪಿಕಪ್ಪು, ಆಟೋ... ಎಲ್ಲದರ ಮೇಲೂ ಬಿಳಿ ಗುಡ್ಡ. ಇದೇ ಪಿಕಪ್ಪುಗಳು ಬೆಳಗಿನ ಜಾವ ಹತ್ತಿ ಬಿಡಿಸುವವರನ್ನು ಹೊಲಕ್ಕೆ ಒಯ್ಯುತ್ತವೆ. ಶ್ರಾವಣ ಬಂದರೆ ಉರುಕುಂದ ಈರಣ್ಣನ ಜಾತ್ರೆಗೆ ಜನರೇಟರ್ ಟ್ರಾಲಿ ಎಳೆದುಕೊಂಡು ಹೋಗುತ್ತವೆ. ಸರಕಿನ ಗಾಡಿಯಲ್ಲಿ ಜನ ಕೂರಬಾರದು ಎಂಬ ಕಾನೂನೇನೋ ಇದೆ, ಆದರೆ ಕೂರುವವರಿಗೆ ಬೇರೆ ಗಾಡಿ ಇಲ್ಲ. ಹಾಗೆ ಕೂತು ಹೋಗುವ ಹೆಂಗಸರಲ್ಲಿ ಎಷ್ಟೋ ಜನ ನನ್ನ ಮಕ್ಕಳ ತಾಯಂದಿರು. ಆದ್ದರಿಂದ, ಕನ್ನಡ ಮಾಧ್ಯಮದ ವಿಜ್ಞಾನ ಮೇಷ್ಟ್ರಿಗೆ ಪಿಕಪ್ಪಿನ ಬ್ರೇಕಿನ ಉಸಾಬರಿ ಯಾಕೆ ಅಂತ ದಯವಿಟ್ಟು ಕೇಳಬೇಡಿ.

ನಮ್ಮಲ್ಲೇ ಹತ್ತನೇ ಕ್ಲಾಸು ಮುಗಿಸಿದ ಹುಡುಗನೊಬ್ಬ ಸಾಲ ಮಾಡಿ ಹಳೆಯ ಪಿಕಪ್ ತೆಗೆದುಕೊಂಡಿದ್ದಾನೆ. ಮದುವೆ, ಜಾತ್ರೆಗಳಿಗೆ ಎರಡು ಗಾಲಿಯ ಜನರೇಟರ್ ಎಳೆಯುವುದು, ಉಳಿದ ದಿನ ಹತ್ತಿ ಚೀಲ. ಒಂದು ಭಾನುವಾರ ಮನೆಗೆ ಬಂದವನ ಮುಖ ಸಪ್ಪಗಿತ್ತು. "ಸರ್, ಗಾಡಿ ಹಿಡ್ಕಂತೈತಿ. ಕಾಲು ತೆಗೆದ್ರೂ ಬ್ರೇಕ್ ಬಿಡವಲ್ದು. ಸುಟ್ಟ ವಾಸನಿ ಬರ್ತೈತಿ, ಡೀಸೆಲ್ ಬ್ಯಾರೆ ಕುಡಿತೈತಿ" ಅಂದ. ಒಂದು ಕಡೆ ಹೊಸ ಪ್ಯಾಡ್ ಹಾಕಿಸಿದ್ದಾನೆ, ಹೋಗಲಿಲ್ಲ. ಇನ್ನೊಂದು ಕಡೆ "ಟ್ರಾಲಿ ಎಳೆದ್ರೆ ಹಂಗೇ" ಅಂತ ಹೇಳಿ ಹಿಂದಿನ ಬ್ರೇಕನ್ನು ಸಡಿಲ ಮಾಡಿ ಕಳಿಸಿದ್ದಾರೆ. ಇದನ್ನು ಕೇಳಿ ನನಗೆ ನಿಜಕ್ಕೂ ಭಯವಾಯಿತು. ಬಿಸಿಯಾಗುತ್ತಿದ್ದ ಗಾಲಿ ಹಾಗೇ ಉಳಿಯಿತು, ನಿಲ್ಲಿಸುವ ಶಕ್ತಿ ಮಾತ್ರ ಕಡಿಮೆಯಾಯಿತು!

"ಬಿಸಿ ಎಲ್ಲಿಂದ ಬರುತ್ತೆ, ಅದನ್ನ ಮೊದಲು ಹೇಳು" ಅಂದೆ. "ಘರ್ಷಣೆ" ಅಂದ. ಎಂಟನೇ ಕ್ಲಾಸಿನ ಪಾಠ ಮರೆತಿರಲಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಮೂರು ಟನ್ ತೂಕದ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 4.17 ಲಕ್ಷ ಜೌಲ್. ಒಂದು ಸಲ ಪೂರ್ತಿ ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟೂ ಬ್ರೇಕಿನಲ್ಲಿ ಶಾಖವಾಗುತ್ತದೆ. 30 ಡಿಗ್ರಿಯ ನೀರು ಸುಮಾರು 1.4 ಲೀಟರ್ ಕುದಿಯುವ ಮಟ್ಟಕ್ಕೆ ಬರುವಷ್ಟು ಶಾಖ ಅದು. ಹಿಂದೆ ಒಂದು ಟನ್ನಿನ ಟ್ರಾಲಿ ಇದ್ದು ಅದಕ್ಕೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಲೆಕ್ಕ ಎರಡು ಲೀಟರಿನ ಹತ್ತಿರ ಹೋಗುತ್ತದೆ. ಅಂದರೆ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಟ್ರಾಲಿಯಿಂದಲೂ ಬಿಸಿಯಾಗುತ್ತದೆ. ಆದರೆ ಆ ಬಿಸಿ ಬರುವುದು ಬ್ರೇಕ್ ಒತ್ತಿದಾಗ, ಮತ್ತು ಎಡಗಡೆ ಬಲಗಡೆ ಸರಿಸಮವಾಗಿ. ಬ್ರೇಕೇ ಒತ್ತದೆ ಓಡಿಸಿದರೂ ಒಂದು ಗಾಲಿ ಮಾತ್ರ ಸುಡುತ್ತಿದ್ದರೆ ಅದು ಭಾರದ ತಪ್ಪಲ್ಲ, ಬ್ರೇಕ್ ಹಿಡಿದುಕೊಂಡಿದೆ ಎಂದೇ ಅರ್ಥ.

ಟ್ರಾಲಿ ಬಿಚ್ಚಿಟ್ಟು, ಆಲೂರು ರಸ್ತೆಯಲ್ಲಿ ಆದಷ್ಟು ಬ್ರೇಕ್ ಮುಟ್ಟದೆ ಹತ್ತು ಕಿಲೋಮೀಟರ್ ಓಡಿಸಿದ. ನಿಂತ ಮೇಲೆ ಒಂದೊಂದೇ ಗಾಲಿಯ ಹತ್ತಿರ ಮುಂಗೈ ಹಿಡಿದು ನೋಡಿದೆವು. ಮುಟ್ಟಬಾರದು, ಚರ್ಮ ಹೋಗುತ್ತದೆ. ಮೂರು ಗಾಲಿ ಉಗುರುಬೆಚ್ಚಗೆ, ಮುಂದಿನ ಬಲಗಾಲಿ ಮಾತ್ರ ಕಾದ ಹೆಂಚು! ಇದೊಂದರಲ್ಲೇ ಅರ್ಧ ಉತ್ತರ ಸಿಕ್ಕಿತು. ನಾಲ್ಕೂ ಗಾಲಿ ಅಥವಾ ಮುಂದಿನ ಎರಡೂ ಬಿಸಿಯಾಗಿದ್ದರೆ ಪೆಡಲಿನಲ್ಲಿ, ಬೂಸ್ಟರಿನಲ್ಲಿ, ಮಾಸ್ಟರ್ ಸಿಲಿಂಡರಿನಲ್ಲಿ ಹುಡುಕಬೇಕು. ಪೆಡಲ್ ಬಿಟ್ಟಾಗ ಮಾಸ್ಟರ್ ಸಿಲಿಂಡರಿನ ಒಳಗಿನ ಒಂದು ಸಣ್ಣ ತೂತು ತೆರೆದುಕೊಂಡು ಆಯಿಲ್ ಮೇಲಿನ ಡಬ್ಬಿಗೆ ವಾಪಸ್ ಹೋಗಬೇಕು. ಪೆಡಲಿಗೆ ಸ್ವಲ್ಪವೂ ಆಟ ಇಲ್ಲದಿದ್ದರೆ ಆ ತೂತು ಮುಚ್ಚಿಯೇ ಇರುತ್ತದೆ. ಆಯಿಲ್ ಕಾದು ಹಿಗ್ಗುತ್ತದೆ, ಬ್ರೇಕ್ ಇನ್ನಷ್ಟು ಬಿಗಿಯುತ್ತದೆ, ಇನ್ನಷ್ಟು ಕಾಯುತ್ತದೆ. ಹಿಂದಿನ ಎರಡೇ ಬಿಸಿಯಾಗಿದ್ದರೆ ಮೊದಲು ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿದಿದೆಯೇ ನೋಡಬೇಕು. ಒಂದೇ ಗಾಲಿ ಎಂದರೆ ರೋಗ ಆ ಗಾಲಿಯ ಹತ್ತಿರವೇ ಇರುತ್ತದೆ.

ಇನ್ನರ್ಧ ಉತ್ತರಕ್ಕೆ ನಮ್ಮ ಪಾಸ್ಕಲ್ ನಿಯಮವೇ ಸಾಕಾಯಿತು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಅಂತ ಪಾಠ ಮಾಡುತ್ತೇವಲ್ಲ, ಒತ್ತಡ ತೆಗೆದಾಗ ಅದು ವಾಪಸ್ ಬರಬೇಕು ಎಂಬುದೂ ಅದೇ ಪಾಠ. ಗಾಡಿ ತಣ್ಣಗಾದ ಮೇಲೆ ಪರಿಚಯದ ಮೆಕ್ಯಾನಿಕ್ ಒಬ್ಬರ ಶೆಡ್ಡಿಗೆ ಒಯ್ದೆವು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಬಲಗಾಲಿಗೆ ಜಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟರು. ಬ್ರೇಕ್ ಒತ್ತಿ ಬಿಟ್ಟ ಮೇಲೆ ಗಾಲಿ ಕೈಯಿಂದ ತಿರುಗಲಿಲ್ಲ. ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ ಸ್ವಲ್ಪ ಸಡಿಲಿಸಿದ ಕೂಡಲೇ ಆಯಿಲ್ ಚಿಮ್ಮಿ ಗಾಲಿ ಸರಾಗವಾಗಿ ತಿರುಗಿತು. ಅಂದರೆ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿಲ್ಲ, ಪಿನ್ ಜಾಮ್ ಆಗಿಲ್ಲ. ಹಾಗಿದ್ದರೆ ನಿಪ್ಪಲ್ ಬಿಚ್ಚಿದರೂ ಬಿಡುತ್ತಿರಲಿಲ್ಲ. ಒಳಗೆ ಒತ್ತಡ ಸಿಕ್ಕಿಕೊಂಡಿತ್ತು.

ನಿಪ್ಪಲ್ ಬಿಗಿದು ಮತ್ತೆ ಬ್ರೇಕ್ ಒತ್ತಿ ಬಿಟ್ಟರು. ಈ ಸಲ ಕಬ್ಬಿಣದ ಪೈಪು ರಬ್ಬರ್ ಹೋಸಿಗೆ ಸೇರುವ ಕಡೆ ನಟ್ ಸಡಿಲಿಸಿದರು. ಗಾಲಿ ಬಿಡಲಿಲ್ಲ! ಹೋಸಿನ ಈಚೆ ಬಿಚ್ಚಿದರೆ ಬಿಡುತ್ತದೆ, ಆಚೆ ಬಿಚ್ಚಿದರೆ ಬಿಡುವುದಿಲ್ಲ. ಹಾಗಾದರೆ ಕಳ್ಳ ಯಾರು, ನೀವೇ ಹೇಳಿ.

ಹೋಸ್ ಹೊರಗಿನಿಂದ ಚೆನ್ನಾಗಿಯೇ ಇತ್ತು. ಕೊಯ್ದು ನೋಡಿದರೆ ಒಳಗಿನ ರಬ್ಬರ್ ಊದಿ, ಸೀಳಿ, ದಾರಿಗೆ ಅಡ್ಡ ನಿಂತಿತ್ತು. ಕಾಲಿನ ಬಲ ಜೋರಾದ್ದರಿಂದ ಆಯಿಲನ್ನು ಒಳಕ್ಕೆ ನೂಕುತ್ತದೆ. ವಾಪಸ್ ಬರಲು ಅಷ್ಟು ಬಲ ಇಲ್ಲ. ನಮ್ಮ ರಕ್ತನಾಳದ ಕವಾಟದ ಹಾಗೆ ಒಂದೇ ಕಡೆಗೆ ದಾರಿ. ಮುಂದಿನ ಎರಡೂ ಹೋಸ್ ಬದಲಾಯಿಸಿ, ಹಳೆ ಆಯಿಲ್ ಪೂರ್ತಿ ತೆಗೆದು ಹೊಸದು ತುಂಬಿ, ಗಾಳಿ ತೆಗೆದು, ಸಡಿಲ ಮಾಡಿದ್ದ ಹಿಂದಿನ ಬ್ರೇಕನ್ನು ಸರಿಯಾಗಿ ಹೊಂದಿಸಿದರು.

ಆಯಿಲ್ ಯಾಕೆ ಬದಲಿಸಬೇಕು ಅಂತ ಹುಡುಗ ಕೇಳಿದ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮವಿದೆ, ತೇವ ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಕುದಿದರೆ ಆವಿ, ಆವಿ ಸ್ಪಂಜಿನ ಹಾಗೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಇಲ್ಲ. ಇಂದು ಹಿಡಿದುಕೊಳ್ಳುವ ಬ್ರೇಕು ನಾಳೆ ಹಿಡಿಯದೇ ಹೋಗುವುದು ಹೀಗೆ. ಇನ್ನು ಕೈಗೆ ಸಿಕ್ಕಿದ ಇಂಜಿನ್ ಆಯಿಲನ್ನು ಆ ಡಬ್ಬಿಗೆ ಸುರಿಯುವವರಿದ್ದಾರೆ. ಅದರಿಂದ ಒಳಗಿನ ರಬ್ಬರೆಲ್ಲ ಊದಿ ನಾಲ್ಕೂ ಗಾಲಿ ಜಾಮ್ ಆಗಬಹುದು.

ಇಷ್ಟೂ ಹೊತ್ತು ಮೆಕ್ಯಾನಿಕ್ ತೆಲುಗಿನಲ್ಲಿ, ಹುಡುಗ ಕನ್ನಡದಲ್ಲಿ. ಇವನು 'ಒತ್ತಡ' ಅಂದರೆ ಅವರು 'ಒತ್ತಿಡಿ' ಅನ್ನುತ್ತಿದ್ದರು, ಯಾರಿಗೂ ಏನೂ ತೊಡಕಾಗಲಿಲ್ಲ. "ಕನ್ನಡ ಮೀಡಿಯಂನಾಗ ಓದಿ ಈ ರಾಜ್ಯದಾಗ ಏನ್ ಮಾಡ್ತಾನ ಸರ್?" ಅಂತ ಇವನ ಅಪ್ಪ ಹಿಂದೆ ಕೇಳಿದ್ದರು. ನಮ್ಮ ಗಡಿ ಶಾಲೆಗಳ ಮೇಷ್ಟ್ರುಗಳೆಲ್ಲ ಕೇಳಿರುವ ಪ್ರಶ್ನೆಯೇ ಇದು. ನೌಕರಿಯ ವಿಷಯದಲ್ಲಿ ಆ ಅಪ್ಪನ ಚಿಂತೆ ಸುಳ್ಳೆಂದು ನಾನು ಹೇಳಲಾರೆ. ಆದರೆ ಅರ್ಥವಾದ ಭಾಷೆಯಲ್ಲಿ ಕಲಿತದ್ದು ಹತ್ತು ವರ್ಷವಾದರೂ ತಲೆಯಲ್ಲಿ ಉಳಿದಿತ್ತು, ರಸ್ತೆ ಪಕ್ಕದಲ್ಲಿ ಉಪಯೋಗಕ್ಕೂ ಬಂತು.

ಪಿಕಪ್ ಇರುವ ಮನೆಯ ಮಕ್ಕಳಿಗೆ ಈಗ ಇಷ್ಟು ಹೇಳಿಕೊಡುತ್ತಿದ್ದೇನೆ. ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ ಜನರನ್ನು ಇಳಿಸಲು ಹೇಳಿ. ಕಾದ ಡಿಸ್ಕಿಗೆ, ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು. ತಾನಾಗಿ ತಣ್ಣಗಾಗಲಿ, ಗಾಲಿಗೆ ಕಲ್ಲು ಕೊಡಿ. ಯಾವ ಗಾಲಿ ಬಿಸಿ ಎಂದು ನೋಡಿಟ್ಟುಕೊಂಡು ಮೆಕ್ಯಾನಿಕ್ ಹತ್ತಿರ ಹೋಗಿ. ಬ್ರೇಕ್ ಸಡಿಲ ಮಾಡಿಕೊಡುತ್ತೇನೆ ಅಂದರೆ ಮಾತ್ರ ಬೇಡ ಅನ್ನಿ. ಮಕ್ಕಳು ಇದನ್ನು ನೋಟ್ಸಿನಲ್ಲಿ ಬರೆದುಕೊಂಡಿದ್ದಾರೆ. ಪರೀಕ್ಷೆಗೆ ಬರುವುದಿಲ್ಲ ಅಂತಲೂ ಹೇಳಿದ್ದೇನೆ.