ನೆರೆ ಗೆಲಾಕ್ಸಿಯ ನೀಲಿ ಚುಕ್ಕೆಗಳು

ಜನವರಿ ಕೊನೆಯಲ್ಲಿ ರಾತ್ರಿ ಊಟ ಮುಗಿಸಿ ಹೊರಗೆ ಬಂದರೆ ದಕ್ಷಿಣಕ್ಕೆ ಅಗಸ್ತ್ಯ ನಕ್ಷತ್ರ ಫಳಫಳ ಹೊಳೆಯುತ್ತಿರುತ್ತದೆ. ಅದರ ಕೆಳಗೆ, ದಿಗಂತಕ್ಕೆ ಅಂಟಿಕೊಂಡಂತೆ, ದೊಡ್ಡ ಮ್ಯಾಗೆಲನ್ ಮೋಡ ಎಂಬ ಪುಟ್ಟ ಗೆಲಾಕ್ಸಿ ಇದೆ. ಚಾಮರಾಜನಗರದಲ್ಲಿ ನಿಂತರೂ ಅದು ಎಂಟೊಂಬತ್ತು ಡಿಗ್ರಿಗಿಂತ ಮೇಲೇರುವುದಿಲ್ಲ. ಊರ ದೀಪ, ದೂಳಿನಲ್ಲಿ ಕಾಣುವುದೂ ಕಷ್ಟ. ಆದರೂ ನನ್ನ ಕಣ್ಣು ಅತ್ತಲೇ ಹೋಗುತ್ತದೆ. 1,60,000 ಜ್ಯೋತಿರ್ವರ್ಷ ದೂರದ ಆ ಮೋಡದೊಳಗೆ, ಹುಟ್ಟಿ ಇಪ್ಪತ್ತು ಲಕ್ಷ ವರ್ಷವೂ ಆಗಿರದ ದೈತ್ಯ ನಕ್ಷತ್ರಗಳಿವೆ.

ಅವುಗಳ ನಡುವಿನ ಆರ್136ಎ ಎಂಬ ಚುಕ್ಕೆಯ ಕಥೆ ಕೇಳಿ. 1980ರ ದಶಕದ ಮೊದಲಲ್ಲಿ ಕೆಲವು ವಿಜ್ಞಾನಿಗಳು ಅದು ಒಂದೇ ನಕ್ಷತ್ರ, ತೂಕ ಸೂರ್ಯನ ಸಾವಿರ ಪಟ್ಟಿಗೂ ಹೆಚ್ಚು ಅಂದಿದ್ದರು. ದೂರದ ಬೆಟ್ಟ ನುಣ್ಣಗೆ! 1985ರಲ್ಲಿ ಖಗೋಳಜ್ಞರಾದ ವೈಗೆಲ್ಟ್ ಮತ್ತು ಬೈಯರ್ ಗಾಳಿಯ ನಡುಕವನ್ನು ಮೀರಲು ಕ್ಷಣಮಾತ್ರದ ಚಿತ್ರಗಳನ್ನು ರಾಶಿಗಟ್ಟಲೆ ತೆಗೆದು ಹೊಂದಿಸಿ ನೋಡಿದರೆ, ಒಂದಲ್ಲ, ಕನಿಷ್ಠ ಎಂಟು ನಕ್ಷತ್ರ! ಅವುಗಳಲ್ಲಿ ಎಲ್ಲಕ್ಕಿಂತ ಭಾರದ್ದು ಈಗಿನ ಲೆಕ್ಕದಲ್ಲಿ ಸುಮಾರು ಇನ್ನೂರು ಸೂರ್ಯರಷ್ಟು. ಅದೇನು ಕಡಿಮೆಯೇ?

ನಮ್ಮದೇ ಗೆಲಾಕ್ಸಿ ಬಿಟ್ಟು ಪಕ್ಕದ್ದಕ್ಕೆ ಏಕೆ ಹೋಗಬೇಕು? ನಾವು ದೂಳಿನ ತಟ್ಟೆಯೊಳಗೇ ಕೂತಿದ್ದೇವೆ. ಇಲ್ಲಿ ಯಾವ ನಕ್ಷತ್ರ ಎಷ್ಟು ದೂರ ಎಂಬುದೇ ತಕರಾರು. ಅಲ್ಲಿಯವೆಲ್ಲ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವುದರಿಂದ ಪ್ರಖರವಾಗಿ ಕಂಡದ್ದು ನಿಜಕ್ಕೂ ಪ್ರಖರ.

ಈ ದೈತ್ಯ ನಕ್ಷತ್ರಗಳ ಮೈ ಕಾವು ಮೂವತ್ತು ನಲವತ್ತು ಸಾವಿರ ಡಿಗ್ರಿ, ಬೆಳಕು ಬಹುಪಾಲು ಅತಿನೇರಳೆ. ಅದನ್ನು ಭೂಮಿಯ ವಾತಾವರಣ ತಡೆಯುವುದರಿಂದ ಆಕಾಶಕ್ಕೇ ಹೋಗಬೇಕು. 2015ರಲ್ಲಿ ಹಾರಿದ ನಮ್ಮ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿ ಅದಕ್ಕೆಂದೇ ಒಂದು ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ, ಹೊಸಕೋಟೆಯಲ್ಲಿ ಜೋಡಿಸಿದ್ದು. ಹಿಂದಿನ ಗ್ಯಾಲೆಕ್ಸ್ ಉಪಗ್ರಹಕ್ಕೆ ಐದು ಆರ್ಕ್‌ಸೆಕೆಂಡ್ ಅಗಲದ ಮಸುಕಾಗಿ ಕಂಡದ್ದು ಇದಕ್ಕೆ ಒಂದೂವರೆಗೇ ಬಿಡಿಬಿಡಿಯಾಗುತ್ತದೆ. ಆಮೇಲೂ ರೋಹಿತ ತೆಗೆದು ನೋಡದೆ ಯಾವುದು ಒಂಟಿ, ಯಾವುದು ಗುಂಪು ಎಂದು ಖಚಿತವಾಗಿ ಹೇಳಲಾಗದು.

ನಕ್ಷತ್ರಗಳನ್ನು ಹೀಗೆ ಒಂದೊಂದಾಗಿ ಎಣಿಸಿ ಏನು ಮಾಡುತ್ತೀರಿ ಎನ್ನುವವರಿಗೆ ನಾನು ಖಗೋಳಜ್ಞ ಸಂದುಲೀಕ್ ಹೆಸರು ಹೇಳುತ್ತೇನೆ. ಅವರು ದೊಡ್ಡ ಮ್ಯಾಗೆಲನ್ ಮೋಡದ ಪ್ರಖರ ನಕ್ಷತ್ರಗಳ ಪಟ್ಟಿ ಮಾಡಿಟ್ಟಿದ್ದರು. 1987ರ ಫೆಬ್ರುವರಿಯಲ್ಲಿ ಅಲ್ಲೊಂದು ಸೂಪರ್‌ನೋವಾ ಸಿಡಿದಾಗ, ಸತ್ತದ್ದು ಯಾರೆಂದು ತಿಳಿದದ್ದು ಆ ಪಟ್ಟಿಯಿಂದ. ಕೆಂಪು ಮಹಾದೈತ್ಯವೇ ಸಿಡಿಯುತ್ತದೆ ಎಂದು ನಂಬಿದ್ದವರೆದುರು ನಿಂತದ್ದು ನೀಲಿ ಮಹಾದೈತ್ಯ; ಸಿದ್ಧಾಂತವನ್ನೇ ತಿದ್ದಬೇಕಾಯಿತು. ಆಂಡ್ರೊಮಿಡಾ ಗೆಲಾಕ್ಸಿಗೂ ಅಂಥ ಪಟ್ಟಿ, ಅದೂ ಅತಿನೇರಳೆಯಲ್ಲಿ, ಈಗ ಸಿದ್ಧವಾಗಿದೆ, ನಮ್ಮ ಹೊಸಕೋಟೆಯ ದೂರದರ್ಶಕದ ಚಿತ್ರಗಳಿಂದಲೇ.