ಪುದುಚೇರಿಯ ಆವಿಗೆಗಳು

ತರ್ಕಶಾಸ್ತ್ರವನ್ನು ಕಿಂಚಿತ್ತಾದರೂ ಓದಿದವರಿಗೆ ಗಡಿಗೆಯು ಅಪರಿಚಿತವಾದ ವಸ್ತುವಲ್ಲ. ಕಾರ್ಯಕಾರಣಗಳ ಮಾತು ಬಂದಾಗಲೆಲ್ಲ ನಮ್ಮ ಶಾಸ್ತ್ರಕಾರರ ಕೈಗೆ ಮೊದಲು ಸಿಕ್ಕುವುದು ಘಟ. ಅದು ಬೇಸರವಾದರೆ ಪಟ. ಈ ಘಟದ ವಿಷಯದಲ್ಲಿ ಒಂದು ದೊಡ್ಡ ವಿವಾದವೂ ಉಂಟು. ಹಸಿಯ ಗಡಿಗೆಯು ಕಪ್ಪಾಗಿರುತ್ತದೆ, ಬೆಂದ ಮೇಲೆ ಕೆಂಪಾಗುತ್ತದೆ. ಈ ಕೆಂಪು ಬಂದದ್ದೆಲ್ಲಿಂದ? ವೈಶೇಷಿಕರು ಹೇಳುವುದೇನೆಂದರೆ, ಬೆಂಕಿಯ ತಾಪಕ್ಕೆ ಗಡಿಗೆಯು ಪರಮಾಣುಗಳಾಗಿ ಬಿಡಿಬಿಡಿಯಾಗುತ್ತದೆ, ಬಣ್ಣವು ಪರಮಾಣುಗಳಲ್ಲಿಯೇ ಬದಲಾಗುತ್ತದೆ, ಬಳಿಕ ಅವು ಕೂಡಿ ಮತ್ತೊಂದು ಗಡಿಗೆಯಾಗುತ್ತದೆ ಎಂದು. ಇದು ಪೀಲುಪಾಕವಾದ. ನೈಯಾಯಿಕರು ಇದನ್ನೊಪ್ಪುವುದಿಲ್ಲ. ಒಂದರ ಮೇಲೊಂದು ಪೇರಿಸಿದ ಗಡಿಗೆಗಳಲ್ಲಿ ಕೆಳಗಿನದು ಪುಡಿಯಾದರೆ ಮೇಲಿನದು ಬೀಳಬೇಡವೆ ಎಂಬುದು ಅವರ ಪ್ರಶ್ನೆ. ಗಡಿಗೆಯು ಇದ್ದ ಹಾಗೆಯೇ ಇದ್ದು ಸೂಕ್ಷ್ಮರಂಧ್ರಗಳ ಮೂಲಕ ತೇಜಸ್ಸು ಒಳಹೊಕ್ಕು ಬಣ್ಣವನ್ನು ಮಾರ್ಪಡಿಸುತ್ತದೆಂದು ಅವರ ಮತ, ಇದು ಪಿಠರಪಾಕವಾದ. ಈ ಎರಡು ವಾದಗಳನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಉಂಟು. ಉರಿಯುವ ಆವಿಗೆಯ ಮುಂದೆ ಒಂದು ರಾತ್ರಿ ಕುಳಿತು ನೋಡಿದವರು ಕಡಮೆ.

ಅಂತಹ ಅವಕಾಶವು ನನಗೆ ಕಳೆದ ಮಾಘಮಾಸದಲ್ಲಿ ಒದಗಿತು. ತುಮಕೂರು ಸೀಮೆಯ ನನ್ನ ಹಳೆಯ ಶಿಷ್ಯರೊಬ್ಬರ ಮಗಳು, ಬಿ.ಕಾಂ. ಮುಗಿಸಿದ ಹುಡುಗಿ, ಮೂರು ವರ್ಷಗಳಿಂದ ಪುದುಚೇರಿಯ ಬಳಿ ಮಣ್ಣಿನ ಮೂರ್ತಿಗಳನ್ನು ಮಾಡಿ ಸುಡುವ ಕೆಲಸದಲ್ಲಿ ತೊಡಗಿದ್ದಾಳೆ. ತಂದೆಗೆ ಇದು ಬಗೆಹರಿಯದ ಚಿಂತೆಯಾಗಿತ್ತು. “ನಮ್ಮ ಮನೆತನದಲ್ಲಿ ತಿಗರಿ ಮುಟ್ಟಿದವರಿಲ್ಲ ಮೇಷ್ಟ್ರೇ. ಇದು ಜೀವನಕ್ಕಾಗುವ ಕೆಲಸವೋ, ಹುಡುಗಾಟವೋ ನನಗೆ ತಿಳಿಯದು. ನಾನು ಹೋದರೆ ಜಗಳವಾಗುತ್ತದೆ. ತಾವೊಮ್ಮೆ ನೋಡಿಕೊಂಡು ಬಂದು ಹೇಳಬೇಕು” ಎಂದು ಕೇಳಿಕೊಂಡರು. ಕರೆದು ತಂದರೆ ಸಾಕೆಂಬ ಆಸೆಯೂ ಅವರ ಮಾತಿನಲ್ಲಿ ಇಣಿಕುತ್ತಿತ್ತು.

ಬೆಂಗಳೂರಿನಿಂದ ಕೃಷ್ಣಗಿರಿ, ತಿರುವಣ್ಣಾಮಲೆ, ಸೆಂಜಿ, ತಿಂಡಿವನಗಳ ಮೇಲೆ ಬಸ್ಸಿನ ಪ್ರಯಾಣ. ಅರುಣಾಚಲವನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಕಂಡು, ಸೆಂಜಿಯ ಬಂಡೆಕೋಟೆಗಳನ್ನು ಕಣ್ತುಂಬ ನೋಡಿ ಮುಂದುವರಿದರೆ ಗದ್ದೆಗಳೂ ತಾಳೆಮರಗಳೂ ಮೊದಲಾಗುತ್ತವೆ. 1954ರವರೆಗೆ ಫ್ರೆಂಚರ ಆಳ್ವಿಕೆಯಲ್ಲಿದ್ದ ಪಟ್ಟಣವಿದು. ಕಡಲ ಕಡೆಯ ಬೀದಿಗಳು ನೂಲು ಹಿಡಿದಂತೆ ನೇರವಾಗಿವೆ. ಈ ಬೀದಿಗಳ ವರ್ಣನೆಯನ್ನು ಮಾಡಿದವರು ಅನೇಕರಿರುವುದರಿಂದ ನಾನು ಅದಕ್ಕೆ ಕೈಹಾಕುವುದಿಲ್ಲ. ನನ್ನ ಮನಸ್ಸನ್ನು ಸೆಳೆದದ್ದು ಊರ ದಕ್ಷಿಣಕ್ಕೆ ಅರಿಯಾಂಕುಪ್ಪಂ ಹೊಳೆಯ ದಡದಲ್ಲಿರುವ ಅರಿಕಮೇಡು ಎಂಬ ದಿಣ್ಣೆ.

ಈಗ ಅಲ್ಲಿ ಮಾವಿನ ತೋಪು ಮತ್ತು ಮುರುಕು ಗೋಡೆಗಳ ಹೊರತು ಕಾಣುವುದು ಹೆಚ್ಚೇನೂ ಇಲ್ಲ. ಆದರೆ 1945ರಲ್ಲಿ ಮಾರ್ಟಿಮರ್ ವೀಲರ್ ಎಂಬವರು ಅಗೆಸಿದಾಗ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಇಟಲಿಯಿಂದ ಹಡಗಿನಲ್ಲಿ ಬಂದ ಹೊಳಪುಳ್ಳ ಕೆಂಪು ಪಾತ್ರೆಗಳ ಚೂರುಗಳೂ ದ್ರಾಕ್ಷಾರಸದ ಜಾಡಿಗಳ ಒಡಕುಗಳೂ ದೊರಕಿದುವು. ಅವುಗಳ ಜೊತೆಯಲ್ಲಿ, ಒಳಮೈಯಲ್ಲಿ ಸಣ್ಣ ಚುಕ್ಕೆಗಳ ವರ್ತುಲಗಳನ್ನು ಒತ್ತಿದ ತಟ್ಟೆಗಳ ಚೂರುಗಳೂ ಸಿಕ್ಕಿದುವು. ಇದರಿಂದ ನಮ್ಮ ನಾಡಿಗೊಂದು ಉಪಕಾರವಾಯಿತು. 1947ರಲ್ಲಿ ವೀಲರ್ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯನ್ನು ಅಗೆಸಿದಾಗ ಅದೇ ಬಗೆಯ ಚೂರುಗಳು ಅಲ್ಲಿಯೂ ಕಂಡವು. ಅರಿಕಮೇಡಿನ ಕಾಲವು ಗೊತ್ತಾಗಿದ್ದುದರಿಂದ ಬ್ರಹ್ಮಗಿರಿಯ ಪದರಗಳಿಗೂ ಕಾಲವನ್ನು ಕಟ್ಟಲು ಸಾಧ್ಯವಾಯಿತು. ಒಡೆದ ತಟ್ಟೆಯನ್ನು ತಿಪ್ಪೆಗೆಸೆಯುವ ಗೃಹಿಣಿಯರು ತಾವು ಚರಿತ್ರೆಯನ್ನು ಬರೆಯುತ್ತಿದ್ದೇವೆಂದು ಎಣಿಸಿರಲಾರರು.

ಬ್ರಹ್ಮಗಿರಿಯ ಕಲ್ಗೋರಿಗಳಲ್ಲಿ ದೊರೆತ ಇನ್ನೊಂದು ಬಗೆಯ ಮಡಕೆಯನ್ನೂ ಇಲ್ಲಿ ನೆನೆಯಬೇಕು. ಅದರ ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು. ಎರಡು ಬಣ್ಣಗಳನ್ನು ಯಾರೂ ಬಳಿದಿಲ್ಲ. ಬೋರಲು ಹಾಕಿ ಸುಟ್ಟದ್ದರಿಂದ ಒಳಗೆ ಗಾಳಿಯಾಡದೆ ಕಪ್ಪಾಯಿತು, ಹೊರಗೆ ಗಾಳಿ ಸಿಕ್ಕಿ ಕೆಂಪಾಯಿತು ಎಂದು ತಿಳಿದವರು ವಿವರಿಸುತ್ತಾರೆ. ಈ ಗಾಳಿಯ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಪುದುಚೇರಿಯಲ್ಲಿ ಈಗಿನ ಬಗೆಯ ಕುಂಭಕಲೆಗೆ ಅಡಿಪಾಯವನ್ನು ಹಾಕಿದವರು ಅಮೆರಿಕದಿಂದ ಬಂದ ದಂಪತಿಗಳು: ಡೆಬೊರಾ ಸ್ಮಿತ್ ಮತ್ತು ರೇ ಮೀಕರ್. ಆಕೆ ಜಪಾನಿನ ಬಿಜೆನ್ ಎಂಬ ಕುಂಬಾರರ ಊರಿನಲ್ಲಿ ಕಲಿತವರು. ಆತ ವಾಸ್ತುವಿದ್ಯೆಯನ್ನೂ ಕುಂಭಕಲೆಯನ್ನೂ ಓದಿದವರು. ಇವರು 1971ರಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಎಂಬ ಕಾರ್ಯಾಗಾರವನ್ನು ಆರಂಭಿಸಿ, ಊಟದ ತಟ್ಟೆ ಬಟ್ಟಲುಗಳನ್ನು ಮಾಡುತ್ತ, ದೇಶದ ನಾನಾ ಕಡೆಗಳಿಂದ ಬಂದ ಶಿಷ್ಯರಿಗೆ ಕಲಿಸಿದರು. ಮೀಕರ್ ಅವರ ಸಾಹಸವೊಂದನ್ನು ಹೇಳದೆ ಬಿಡಲಾಗದು. ಹಸಿ ಇಟ್ಟಿಗೆಯಿಂದ ಮನೆಯನ್ನು ಕಟ್ಟಿ, ಅದರೊಳಗೆ ಹಸಿ ಇಟ್ಟಿಗೆ ಮಡಕೆಗಳನ್ನು ತುಂಬಿ, ಮನೆಯನ್ನೇ ಆವಿಗೆಯನ್ನಾಗಿ ಮಾಡಿ ಸುಟ್ಟರು! ಬಡವರಿಗೆ ಅಗ್ಗದ ಗಟ್ಟಿ ಮನೆಯಾದೀತೆಂಬ ಆಸೆಯಿಂದ ವರ್ಷಗಟ್ಟಲೆ ಇದನ್ನು ನಡೆಸಿ, ಅನಂತರ ಆಳೆತ್ತರದ ಮಣ್ಣಿನ ಮೂರ್ತಿಗಳ ಕಡೆಗೆ ತಿರುಗಿದರು. ಅವರ ಶಿಷ್ಯರು, ಶಿಷ್ಯರ ಶಿಷ್ಯರು ಪುದುಚೇರಿಯಲ್ಲಿಯೂ ನೆರೆಯ ಆರೋವಿಲ್‌ನಲ್ಲಿಯೂ ಆವಿಗೆಗಳನ್ನು ಕಟ್ಟಿಕೊಂಡಿದ್ದಾರೆ. ನಮ್ಮ ಹುಡುಗಿಯು ಕಲಿತದ್ದು ಅಂತಹ ಶಿಷ್ಯರೊಬ್ಬರ ಬಳಿಯಲ್ಲಿ.

ಗೋಡಂಬಿ ಮರಗಳ ನಡುವೆ ಒಂದು ಚಪ್ಪರ. ಮಗ್ಗುಲಲ್ಲಿ ಕಮಾನಿನ ಆವಿಗೆ. ನಾನು ಹೋದಾಗ ಮೂರು ದೊಡ್ಡ ಆಕೃತಿಗಳು ಒಣಗಿ ಸಿದ್ಧವಾಗಿದ್ದುವು. ಒಂದು, ಹುತ್ತವನ್ನು ಹೋಲುವಂಥದು, ನಾಲ್ಕಡಿ ಎತ್ತರ. ಮತ್ತೊಂದು ಸೀಳಿದ ಹಲಸಿನ ಹಣ್ಣಿನಂತಿತ್ತು. ನಿಜವಾದ ಹಲಸಿನ ಸಿಪ್ಪೆಯನ್ನೇ ಹಸಿಮಣ್ಣಿನ ಮೇಲೊತ್ತಿ ಮುಳ್ಳುಗಳನ್ನೆಬ್ಬಿಸಿದ್ದಳು. ಮೂರನೆಯದು ಅಲೆಯಂತೆ ಬಾಗಿದ ಹಲಗೆ, ಅದರ ಮೈಮೇಲೆ ತೆಂಗಿನ ನಾರಿನ ಹಗ್ಗದ ಗುರುತು. ಐದು ತಿಂಗಳ ಕೆಲಸವಂತೆ. ಇಂಥ ದೊಡ್ಡ ಆಕೃತಿಗಳನ್ನು ಗಟ್ಟಿಯಾಗಿ ಮಾಡುವಂತಿಲ್ಲ. ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸುತ್ತಿ ಪೊಳ್ಳಾಗಿಯೇ ಎಬ್ಬಿಸಬೇಕು, ಸುಟ್ಟ ಮಣ್ಣಿನ ನುಚ್ಚನ್ನು ಬೆರಸಬೇಕು, ವಾರಗಟ್ಟಲೆ ನೆರಳಿನಲ್ಲಿ ಒಣಗಿಸಬೇಕು. ಎಲ್ಲಿಯಾದರೂ ತೇವವು ಉಳಿದರೆ ಆವಿಗೆಯಲ್ಲಿ ಅದು ಹಬೆಯಾಗಿ ಸಿಡಿಯುತ್ತದೆ. ಒಣಗುವಾಗಲೂ ಬೇಯುವಾಗಲೂ ಕೂಡಿ ನೂರಕ್ಕೆ ಹತ್ತು ಹನ್ನೆರಡು ಪಾಲಿನಷ್ಟು ಕುಗ್ಗುವ ಈ ಮಣ್ಣು, ಒಂದು ಕಡೆ ಬೇಗ, ಒಂದು ಕಡೆ ತಡವಾಗಿ ಕುಗ್ಗಿದರೆ ಬಿರಿಯದೆ ಇರಲಾರದು.

ಮೆರುಗಿನ ವಿಷಯವು ಇದಕ್ಕಿಂತಲೂ ಸೋಜಿಗವಾದುದು. ನಮ್ಮ ಮನೆಗಳ ಉಪ್ಪಿನಕಾಯಿ ಜಾಡಿಯನ್ನು ನೋಡಿದವರಿಗೆ ಮೆರುಗೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಅದು ಬಣ್ಣವಲ್ಲ, ಗಾಜಿನ ತೆಳ್ಳನೆಯ ಚರ್ಮ. ಬಿಳಿಗಲ್ಲಿನ ಪುಡಿ, ಜೇಡಿಮಣ್ಣು, ಕಲ್ಲನ್ನು ಕರಗಿಸುವ ಸುಣ್ಣವೋ ಫೆಲ್ಡ್‌ಸ್ಪಾರ್ ಎಂಬ ಕಲ್ಲೋ ಸೌದೆಯ ಬೂದಿಯೋ, ಇವನ್ನು ನೀರಿನಲ್ಲಿ ಕಲಸಿ ಬಳಿದರೆ ಸುಮಾರು 1250ರಿಂದ 1300 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ ಕರಗಿ ಗಾಜಾಗುತ್ತದೆ. ಅದರಲ್ಲಿ ಲೋಹಭಸ್ಮವನ್ನು ಬೆರಸಿದರೆ ವರ್ಣ ಬರುತ್ತದೆ. ಕೋಬಾಲ್ಟು ನೂರಕ್ಕೆ ಒಂದು ಪಾಲಿದ್ದರೆ ಸಾಕು, ಕಡುನೀಲಿ. ಕಬ್ಬಿಣವು ಒಂದೆರಡು ಪಾಲಾದರೆ, ಹೊಗೆಯ ಬೆಂಕಿಯಲ್ಲಿ, ಎಳೆಯ ಹುಲ್ಲಿನ ತಿಳಿಹಸುರು. ಎಂಟು ಹತ್ತು ಪಾಲಾದರೆ ಕಾಡಿಗೆಯ ಕಪ್ಪು. ತಾಮ್ರದ ಮಾಯೆಯಂತೂ ಹೇಳತೀರದು. ಗಾಳಿ ಧಾರಾಳವಾಗಿ ಆಡುವ ಬೆಂಕಿಯಲ್ಲಿ ಹಸುರಾಗುವ ಅದೇ ತಾಮ್ರವು, ಗಾಳಿಯನ್ನು ಕಟ್ಟಿದ ಬೆಂಕಿಯಲ್ಲಿ ಮಾಣಿಕ್ಯದ ಕೆಂಪನ್ನು ತಾಳುತ್ತದೆ. ಉಸಿರು ಸಾಲದ ಬೆಂಕಿಯು ಭಸ್ಮದೊಳಗಿನ ಪ್ರಾಣವಾಯುವನ್ನೇ ಕಿತ್ತುಕೊಳ್ಳುವುದೇ ಇದಕ್ಕೆ ಕಾರಣ. ಕಲ್ಗೋರಿಯ ಮಡಕೆಯನ್ನು ಮಾಡಿದವರಿಗೆ ಕೈಯಿಂದ ತಿಳಿದಿದ್ದ ವಿದ್ಯೆಯು ಇದೇ.

ಗೋಡೆಯ ಮೇಲೆ ಬೆರಳುದ್ದದ ಮಣ್ಣಿನ ಬಿಲ್ಲೆಗಳನ್ನು ಸಾಲಾಗಿ ತೂಗುಹಾಕಿದ್ದಳು. ಪ್ರತಿಯೊಂದರ ಬೆನ್ನಿಗೂ ಅಂಕೆ. ಆ ಅಂಕೆಯ ಲೆಕ್ಕವು ಪುಸ್ತಕದಲ್ಲಿ. ಒಂದರ ಮೆರುಗು ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು, ಒಂದರದು ಕುದಿದು ಗುಳಿಗುಳಿಯಾಗಿತ್ತು, ಇನ್ನೊಂದು ಮುದುಡಿ ಬಂಡೆಯ ಮೇಲಿನ ಪಾಚಿಯಂತಾಗಿತ್ತು. ಹಳೆಯ ಕುಂಬಾರರು ದೋಷವೆಂದು ಎಸೆಯುತ್ತಿದ್ದುದನ್ನು ಈಕೆ ಬೇಕೆಂದೇ ಬರಿಸುತ್ತಾಳೆ. “ಇದು ಕೆಟ್ಟುಹೋದದ್ದಲ್ಲವೇನಮ್ಮ?” ಎಂದೆ. “ಜಾಡಿಗಾದರೆ ಕೆಟ್ಟದ್ದೇ ಮೇಷ್ಟ್ರೇ, ಉಪ್ಪಿನಕಾಯಿ ಸೋರುತ್ತೆ. ಹುತ್ತಕ್ಕೆ ನುಣುಪು ಮೈ ಕೊಟ್ಟರೆ ಅದು ಹುತ್ತವಾಗುತ್ತದೆಯೇ?” ಎಂದಳು. ನನಗೆ ಔಚಿತ್ಯವಿಚಾರವನ್ನು ಕಲಿಸಿದ ಗುರುಗಳು ಇದ್ದಿದ್ದರೆ ಈ ಉತ್ತರಕ್ಕೆ ತಲೆದೂಗುತ್ತಿದ್ದರು.

ಮರುದಿನ ಬೆಳಗಿನ ಜಾವಕ್ಕೆ ಆವಿಗೆಗೆ ಬೆಂಕಿಯಿಟ್ಟರು. ಸೌದೆಯು ಸರ್ವೆಮರದ್ದು, ಆ ಕಡಲತೀರದಲ್ಲಿ ಅದರ ತೋಪುಗಳು ಹೇರಳ. ಮಧ್ಯಾಹ್ನದವರೆಗೆ ಬೆಂಕಿಯು ಬಾಣಂತಿಯ ಕೋಣೆಯ ಕೆಂಡದಂತೆ ಮೆತ್ತಗಿರಬೇಕು. ಆಮೇಲೆ ಕೆಂಪು, ಕೆಂಪಿನಿಂದ ಕಿತ್ತಳೆ, ಕಿತ್ತಳೆಯಿಂದ ಕಣ್ಣು ಕುಕ್ಕುವ ಬಿಳುಪು. ಸಂಜೆಗೆ ಹೊಗೆಗೂಡಿನ ತಡೆಹಲಗೆಯನ್ನು ಅರ್ಧ ತಳ್ಳಿದರು. ಕೂಡಲೇ ಇಟ್ಟಿಗೆಯ ಸಂದುಗಳಿಂದ ನಾಲಗೆಯಂತೆ ಜ್ವಾಲೆಗಳು ಹೊರಚಾಚಿದುವು. ಗಾಳಿಯನ್ನು ಹುಡುಕುವ ಬೆಂಕಿಯನ್ನು ನಾನು ಕಂಡದ್ದು ಆಗಲೇ. ಒಳಗೆ ಮೂರು ಸಣ್ಣ ಶಂಕುಗಳನ್ನು ನಿಲ್ಲಿಸಿರುತ್ತಾರೆ; ಬರ್ಲಿನ್ನಿನ ಸೇಗರ್ ಎಂಬವರು 1886ರಲ್ಲಿ ಕಂಡುಹಿಡಿದ ಉಪಾಯವಿದು. ಕಾವು ಗೊತ್ತಾದ ಮಟ್ಟಕ್ಕೇರಿದಂತೆ ಒಂದೊಂದೇ ತಲೆಬಾಗುತ್ತದೆ. ಕಡೆಯದು ಬಾಗಿದಾಗ ರಾತ್ರಿ ಒಂಬತ್ತು ಗಂಟೆ. ಬಾಯಿಯನ್ನು ಮುಚ್ಚಿ ಮಣ್ಣು ಮೆತ್ತಿದರು. ಎರಡು ದಿನ ತೆರೆಯಕೂಡದು.

ಆ ಎರಡು ದಿನಗಳಲ್ಲಿ ಹುಡುಗಿ ಹೆಚ್ಚು ಮಾತನಾಡಲಿಲ್ಲ. ಕಳೆದ ಮಳೆಗಾಲದ ಆವಿಗೆಯಲ್ಲಿ ದೊಡ್ಡ ಆಕೃತಿಗಳೆಲ್ಲ ಒಡೆದುವೆಂದು ಅವಳ ಕೆಲಸದವನಿಂದ ತಿಳಿಯಿತು. ಈ ಸಲವೂ ಹಾಗಾದರೆ ತಂದೆಯ ಮಾತಿಗೆ ಎದುರಾಡುವ ಮುಖ ಅವಳಿಗಿರಲಿಲ್ಲ.

ಮೂರನೆಯ ದಿನ ಬಾಗಿಲಿನ ಇಟ್ಟಿಗೆಗಳನ್ನು ಕಳಚಿದರು. ಹಲಸು ಬುಡದಿಂದ ಅರ್ಧದವರೆಗೆ ಸೀಳಿತ್ತು. ಅಲೆಯು ನೆಟ್ಟಗೆ ಬಂದು, ಅದರ ನೀಲಿಯು ಹಗ್ಗದ ಗುರುತುಗಳಲ್ಲಿ ನಿಂತು, ಏಣುಗಳಲ್ಲಿ ತೆಳುವಾಗಿ, ನಿಜವಾದ ಕಡಲೇ ಬಂದು ನಿಂತಂತೆ ಕಂಡಿತು. ಹುತ್ತಕ್ಕೆ ಬಳಿದದ್ದು ತಾಮ್ರದ ಮೆರುಗು. ಬೆಂಕಿಯ ಬಾಯಿಗೆದುರಾದ ಮಗ್ಗುಲು ರಕ್ತದ ಕೆಂಪು. ಎಲ್ಲಿಂದಲೋ ಗಾಳಿ ನುಸುಳಿದ ಹಿಂಬದಿಯು ಹಸುರು. ನಡುವೆ ಹೆಸರಿಲ್ಲದ ಬೂದುಬಣ್ಣ. ಸಂಪೂರ್ಣ ಕೆಂಪು ಬರಬೇಕಾಗಿತ್ತು. ಅವಳು ಬಹಳ ಹೊತ್ತು ಸುತ್ತಿ ನೋಡಿ, “ಇದನ್ನು ನಾನು ಕೇಳಿರಲಿಲ್ಲ, ಆದರೆ ಇದೇ ಸರಿ” ಎಂದಳು. ಒಡೆದ ಹಲಸಿನ ಬಗ್ಗೆ ಮಾತ್ರ ಬೆಂಕಿಯನ್ನು ದೂರಲಿಲ್ಲ. “ಬಿರುಕು ನನ್ನದೇ ಮೇಷ್ಟ್ರೇ. ತಳ ದಪ್ಪವಾಯಿತು, ಒಣಗುವ ಮೊದಲೇ ಮೇಲೆ ಕಟ್ಟಿಬಿಟ್ಟೆ” ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಳು.

ಪೀಲುಪಾಕವೋ ಪಿಠರಪಾಕವೋ ಎಂಬ ಪ್ರಶ್ನೆಯನ್ನು ನಾನು ಆಗ ಅವಳಿಗೆ ಹೇಳಿದೆ. ಮಣ್ಣಿನ ಹರಳುಗಳು ಒಳಗೆ ಕಳಚಿ ಸಾವಿರ ಡಿಗ್ರಿಯ ಮೇಲೆ ಬೇರೆಯೇ ಹರಳುಗಳಾಗಿ ಕಟ್ಟಿಕೊಳ್ಳುತ್ತವೆ, ಆದರೂ ಆಕಾರ ನಿಲ್ಲುತ್ತದೆ ಎಂದು ಅವಳೆಂದಳು. ಉಭಯಪಕ್ಷದವರೂ ವಿಜಯೋತ್ಸವ ಮಾಡಿಕೊಳ್ಳಬಹುದು.

ನನ್ನ ಅಭಿಪ್ರಾಯವನ್ನೂ ಮರೆಮಾಚದೆ ಹೇಳುತ್ತೇನೆ. ಆ ಪ್ರಾಂತದ ಅಂಗಡಿಗಳಲ್ಲಿ ಕಂಡ ಎಷ್ಟೋ ಕೃತಿಗಳಲ್ಲಿ ಅಂಗಡಿಯಿಂದ ತಂದ ಹಳದಿ, ಗುಲಾಬಿ ಬಣ್ಣಗಳು ಸಂತೆಯ ಕೂಗಿನಂತಿದ್ದುವು. ಆಕಾರವು ಬಡವಾದಲ್ಲಿ ವರ್ಣವು ಗಂಟಲೆತ್ತುತ್ತದೆ. ಹುತ್ತದ ಕೆಂಪು ಅಂಥದಲ್ಲ. ತಂದೆಗೆ ಬರೆದ ಕಾಗದದಲ್ಲಿ ನಾನು ತಿಳಿಸಿದ್ದಿಷ್ಟು: ಬಟ್ಟಲು ತಟ್ಟೆಗಳಿಂದ ಊಟ ಬಟ್ಟೆಗೆ ಸಾಲುತ್ತಿದೆ, ಮೂರ್ತಿಗಳಿಂದ ಇನ್ನೂ ಇಲ್ಲ. 2018ರಲ್ಲಿ ಜಯಪುರದ ಜವಾಹರ ಕಲಾಕೇಂದ್ರದಲ್ಲಿ ಕುಂಭಕಲೆಗೆಂದೇ ದೇಶದ ದೊಡ್ಡ ಪ್ರದರ್ಶನ ನಡೆದಿದೆ, ಆದುದರಿಂದ ಇದನ್ನು ನೋಡುವವರಿಲ್ಲವೆನ್ನುವಂತಿಲ್ಲ. ಹುಡುಗಿಯು ಸೋಲನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬಲ್ಲವಳು. ಕರೆತರುವ ಕೆಲಸ ನನ್ನಿಂದಾಗದು.

ಹೊರಡುವ ಮುನ್ನ ಅವಳು ನನ್ನನ್ನು ವಿಲ್ಲಿಯನೂರಿನ ಕಡೆಗೆ ಕರೆದೊಯ್ದಳು. ಸುಟ್ಟ ಮಣ್ಣಿನ ಕೆಲಸಕ್ಕೆ ಹೆಸರಾದ ಊರದು. ಅದರಾಚೆಯ ಹಳ್ಳಿಯೊಂದರ ಹೊರವಲಯದಲ್ಲಿ, ಬೇವಿನ ಮರಗಳಡಿಯಲ್ಲಿ ಊರು ಕಾಯುವ ಅಯ್ಯನಾರನ ಬನ. ಹರಕೆ ಹೊತ್ತವರು ಒಪ್ಪಿಸಿದ ಮಣ್ಣಿನ ಕುದುರೆಗಳು ಸಾಲುಸಾಲಾಗಿ ನಿಂತಿದ್ದುವು. ಕೆಲವು ಆಳೆತ್ತರವನ್ನು ಮೀರಿದುವು. ಕಾಲುಗಳು ಪೊಳ್ಳು ಕಂಬಗಳು, ಹೊಟ್ಟೆ ಒಂದು ದೊಡ್ಡ ಗುಡಾಣ. ಸುಟ್ಟ ಬಳಿಕ ಸುಣ್ಣ ಹೊಡೆದು, ಮೇಲೆ ಕೆಂಪು, ನೀಲಿ, ಹಳದಿಗಳನ್ನು ಬಳಿಯುತ್ತಾರೆ. ಹಳೆಯ ಕುದುರೆಗಳನ್ನು ಯಾರೂ ದುರಸ್ತಿ ಮಾಡುವುದಿಲ್ಲ. ಅವು ಅಲ್ಲಿಯೇ ಕಳಚಿ ಮಣ್ಣಾಗುತ್ತವೆ.

ಕುಂಬಾರರನ್ನು ಅಲ್ಲಿ ವೇಳಾರರೆನ್ನುತ್ತಾರೆ. ಕೆಲವು ಬನಗಳಲ್ಲಿ ಪೂಜೆಯೂ ಅವರದೇ. ವೃದ್ಧ ವೇಳಾರರೊಬ್ಬರು ಹೊಸ ಕುದುರೆಗೆ ಸುಣ್ಣ ಬಳಿಯುತ್ತಿದ್ದರು. ಹುಡುಗಿಯು ತನ್ನ ಹುತ್ತದ ಚಿತ್ರವನ್ನು ತೋರಿಸಿ ತಮಿಳಿನಲ್ಲಿ ಏನನ್ನೋ ಕೇಳಿದಳು. ಆತನು ಕೈಯೊರಸಿಕೊಂಡು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ತಳಕ್ಕೆ ಎಷ್ಟು ಮರಳು, ಎಷ್ಟು ಹೊಟ್ಟು ಹಾಕಿದೆಯೆಂದು ವಿಚಾರಿಸಿದನು. ಇಬ್ಬರೂ ಕುದುರೆಯ ಹೊಟ್ಟೆಯ ಕೆಳಗೆ ಕುಳಿತು ಆ ಮಾತಿನಲ್ಲಿ ತೊಡಗಿಬಿಟ್ಟರು. ಕುದುರೆಗೆ ಕಣ್ಣುಗಳನ್ನು ಇನ್ನೂ ಬರೆದಿರಲಿಲ್ಲ. ಅದನ್ನು ಹಬ್ಬದ ದಿನ ಮಂತ್ರಪೂರ್ವಕವಾಗಿ ತೆರೆಯಬೇಕಂತೆ. ನನ್ನ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ನಾನು ಬೇವಿನ ನೆರಳಿನಲ್ಲಿ ಕುಳಿತು ಅವರ ಮಾತು ಮುಗಿಯುವುದನ್ನು ಕಾದೆನು.