ನಾಯಿಗೂ ಸ್ಪಾಕನಿಗೂ ಒಂದೇ ಫ್ರೇಮು

ನಾಯಿಯ ಕತ್ತಿಗೆ ರೇಷ್ಮೆಯ ಟೈ ಕಟ್ಟಿ, ಬೆಕ್ಕಿಗೆ ಲೇಸಿನ ಕಾಲರ್ ತೊಡಿಸಿ, 'ಸ್ಟಾರ್ ಟ್ರೆಕ್'ನ ಸ್ಪಾಕನಿಗೆ ವಿಕ್ಟೋರಿಯಾ ಕಾಲದ ಕರಿಕೋಟು ಹೊಲಿಸಿ, ಎಲ್ಲರನ್ನೂ ಅಂಗೈಯಲ್ಲಿ ಅಡಗುವ ಮೊಟ್ಟೆಯಾಕಾರದ ಫ್ರೇಮಿನಲ್ಲಿ ಕೂರಿಸುವ ಹುಚ್ಚು ಕೆಲವರಿಗಿದೆ. ನನಗೂ ಹಿಡಿದಿದೆ. ಕಲೆ ಎಂದರೆ ಜನ ವಾದಕ್ಕೆ ಬರುತ್ತಾರೆ, ಹುಚ್ಚು ಎಂದರೆ ನಕ್ಕು ಸುಮ್ಮನಾಗುತ್ತಾರೆ. ಆದ್ದರಿಂದ ಹುಚ್ಚೆಂದೇ ಇರಲಿ.

ಈ ಪುಟ್ಟ ಭಾವಚಿತ್ರಗಳ ಹುಚ್ಚಿಗೂ ಒಂದು ವಂಶಾವಳಿ ಉಂಟು. ಹದಿನಾರನೆಯ ಶತಮಾನದಲ್ಲಿ ನಿಕೋಲಸ್ ಹಿಲಿಯಾರ್ಡ್, ಹದಮಾಡಿದ ಕರುವಿನ ತೊಗಲನ್ನು ಇಸ್ಪೀಟೆಲೆಗೆ ಅಂಟಿಸಿ ಎಲಿಜಬೆತ್ ರಾಣಿಯ ಮುಖ ಬರೆದ. ಹದಿನೆಂಟನೆಯ ಶತಮಾನದಲ್ಲಿ ತೊಗಲಿನ ಜಾಗಕ್ಕೆ ಆನೆದಂತದ ತೆಳು ಬಿಲ್ಲೆ ಬಂತು. ಜಲವರ್ಣದ ಅಡಿಯಿಂದ ದಂತದ ಹೊಳಪು ತೂರಿ ಬಂದು ಕೆನ್ನೆಗೆ ಕಳೆ ಏರುತ್ತಿತ್ತು. ವಿಕ್ಟೋರಿಯಾ ರಾಣಿಯ ಮೆಚ್ಚಿನ ಸರ್ ವಿಲಿಯಂ ರಾಸ್ ಇಂಥ 2000ಕ್ಕೂ ಹೆಚ್ಚು ಚಿತ್ರ ಬರೆದ. ಅಷ್ಟರಲ್ಲಿ, 1839ರಲ್ಲಿ, ಫೋಟೋ ಹುಟ್ಟಿ ಕಸುಬಿನ ಅನ್ನ ಕಿತ್ತುಕೊಂಡಿತು. ಈಗ ನಮ್ಮಂಥವರು ಬರೆಯುವುದು ಕೃತಕ ದಂತದ ಹಾಳೆಯ ಮೇಲೆ. ಆನೆಯೂ ಉಳಿಯಿತು, ಹುಚ್ಚೂ ಉಳಿಯಿತು.

ಇಲ್ಲಿ ಬಣ್ಣ ಬಳಿಯುವ ಮಾತೇ ಇಲ್ಲ. ಹೆಚ್ಚುಕಡಿಮೆ ಒಣಗಿದ ಕುಂಚದ ತುದಿಯಿಂದ ಚುಕ್ಕೆಯ ಪಕ್ಕಕ್ಕೆ ಚುಕ್ಕೆ, ಗೆರೆಯ ಮೇಲೆ ಗೆರೆ. ಭೂತಗನ್ನಡಿಯ ಹಿಂದೆ ಉಸಿರು ಬಿಗಿಹಿಡಿದು ಕೂರಬೇಕು. ಮನುಷ್ಯನ ಕೆನ್ನೆಗಿಂತ ನಾಯಿಯ ಮೂಗು ಕಷ್ಟ: ಕಪ್ಪಗೆ ಒದ್ದೆಯಾಗಿರಬೇಕು, ಅದರ ಮೇಲೆ ಕಿಟಕಿಯ ಬೆಳಕು ಒಂದೇ ಬಿಳಿ ಚುಕ್ಕೆಯಾಗಿ ನಿಲ್ಲಬೇಕು. ಆ ಮೂಗು ಒಲಿದವರಿಗೆ 'ಸ್ಟಾರ್ ವಾರ್ಸ್'ನ ಖಳ ಡಾರ್ತ್ ವೇಡರನ ಶಿರಸ್ತ್ರಾಣ ಲೆಕ್ಕಕ್ಕೇ ಇಲ್ಲ. ಅದೂ ಮಿರಿಮಿರಿ ಕಪ್ಪೇ ತಾನೆ.

ಸಾಕುಪ್ರಾಣಿಗಳು ಈ ಫ್ರೇಮಿಗೆ ಹೊಸಬರಲ್ಲ. 1838ರಲ್ಲಿ ಪಟ್ಟಾಭಿಷೇಕ ಮುಗಿಸಿ ಅರಮನೆಗೆ ಬಂದ ವಿಕ್ಟೋರಿಯಾ ಮಾಡಿದ ಕೆಲಸ, ತನ್ನ ಡ್ಯಾಶ್ ನಾಯಿಗೆ ಸ್ನಾನ ಮಾಡಿಸಿದ್ದು. ಅವಳ ಎನಾಮೆಲ್ ಚಿತ್ರಕಾರ ವಿಲಿಯಂ ಎಸೆಕ್ಸ್ ನಾಯಿಗಳ ಮೋರೆಯನ್ನು ಪಿನ್ನು, ಬ್ರೂಚುಗಳಲ್ಲಿ ಮೂಡಿಸುತ್ತಿದ್ದ. ಸೈನ್ಸ್ ಫಿಕ್ಷನ್ನಿನವರೂ ಅಂಥ ದೂರದ ನೆಂಟರೇನಲ್ಲ. 'ಸ್ಟಾರ್ ವಾರ್ಸ್'ನ ಮೈತುಂಬ ಕೂದಲಿನ ಚ್ಯುಬಾಕಾ ಹುಟ್ಟಿದ್ದೇ ಅದರ ನಿರ್ದೇಶಕ ಜಾರ್ಜ್ ಲೂಕಾಸನ ಕಾರಿನಲ್ಲಿ ಪಕ್ಕದ ಸೀಟು ಹಿಡಿದು ಕೂರುತ್ತಿದ್ದ ಇಂಡಿಯಾನಾ ಎಂಬ ನಾಯಿಯಿಂದ.

ಒಮ್ಮೆ ಮನೆಗೆ ಬಂದ ಹಿರಿಯರೊಬ್ಬರು ಸ್ಪಾಕನ ಚಿತ್ರ ಹಿಡಿದು ಬಹಳ ಹೊತ್ತು ನೋಡಿದರು. "ಕಿವಿ ಒಂದು ಥರಾ ಇದ್ರೂ ಮುಖದಲ್ಲಿ ಗಾಂಭೀರ್ಯ ಇದೆಯಪ್ಪಾ. ನಿಮ್ಮ ತಾತನ ಕಡೆಯವರಾ?" ಹೌದೆಂದೆ. ಫ್ರೇಮಿನ ಮಹಿಮೆಯೇ ಅಷ್ಟು. ಗೋಡೆಯ ದೊಡ್ಡ ಪಟ ಏರಲು ಅಂತಸ್ತು ಬೇಕು. ಲಾಕೆಟ್ಟಿನೊಳಗಿನ ಮುಖದ ವಿಷಯದಲ್ಲಿ ಜನ ಕೇಳುವುದು ಒಂದೇ: ಇವರು ನಿಮಗೇನಾಗಬೇಕು?

ವೈಜ್ಞಾನಿಕ ಕಥೆ ಬರೆದವರಿಗೂ ಇದು ಗೊತ್ತಿತ್ತು. ಜೂಲ್ಸ್ ವರ್ನ್‌ನ ಕ್ಯಾಪ್ಟನ್ ನೀಮೊ ಜಗತ್ತನ್ನೇ ತೊರೆದು ಕಡಲಡಿ ಸೇರಿದರೂ ಒಬ್ಬ ತರುಣಿ, ಇಬ್ಬರು ಮಕ್ಕಳ ಚಿತ್ರವೊಂದನ್ನು ಬಿಡಲಾರದೆ ತನ್ನ ಕೋಣೆಯಲ್ಲಿಟ್ಟುಕೊಂಡಿದ್ದ. ಅವನು ಬುಂದೇಲಖಂಡದ ರಾಜಕುಮಾರ, ನಮ್ಮ ಟಿಪ್ಪುವಿನ ಸೋದರಳಿಯ ಎಂದು ವರ್ನ್ ಮುಂದೆ ಗುಟ್ಟು ಬಿಡುತ್ತಾನೆ. 1799ರಲ್ಲಿ ತೀರಿಕೊಂಡ ಟಿಪ್ಪುವಿಗೂ ನೀಮೊನ ಪ್ರಾಯಕ್ಕೂ ತಾಳೆಯಾಗದು. ನೆಂಟಸ್ತಿಕೆ ಕೂಡಿಬಂದಾಗ ಲೆಕ್ಕ ನೋಡಬಾರದು. ನೀಮೊನ ಚಿತ್ರ ಬರೆಯುವಾಗ ಶ್ರೀರಂಗಪಟ್ಟಣದ ಕಡೆಯವನೆಂದು ಚೂರು ಬಣ್ಣ ಹೆಚ್ಚೇ ಹಾಕಿದ್ದೇನೆ.

ವರ್ನ್‌ನಿಗಿಂತ ಮೊದಲಿನದು ಮೇರಿ ಶೆಲ್ಲಿಯ 1818ರ ಕಾದಂಬರಿ 'ಫ್ರಾಂಕೆನ್‌ಸ್ಟೈನ್'. ಫ್ರಾಂಕೆನ್‌ಸ್ಟೈನನ ತಮ್ಮ, ಪುಟ್ಟ ವಿಲಿಯಂನ ಕೊರಳಲ್ಲಿ ತಾಯಿಯ ಇಂಥದೇ ಕಿರು ಭಾವಚಿತ್ರವಿರುತ್ತದೆ. ಫ್ರಾಂಕೆನ್‌ಸ್ಟೈನ್ ಸೃಷ್ಟಿಸಿದ ಆ ಹೆಸರಿಲ್ಲದ ಜೀವಿ ಹುಡುಗನ ಕತ್ತು ಹಿಸುಕಿ ಅದನ್ನು ಕಿತ್ತುಕೊಳ್ಳುತ್ತದೆ. ಮುಖ ನೋಡುತ್ತ ಒಂದು ಗಳಿಗೆ ಕರಗುತ್ತದೆ. ಈಕೆ ನನ್ನನ್ನು ಕಂಡಿದ್ದರೆ ಅಸಹ್ಯಪಡುತ್ತಿದ್ದಳು ಎನ್ನಿಸಿ ಉರಿದೇಳುತ್ತದೆ. ಆಮೇಲೆ ಆ ಚಿತ್ರ ಜಸ್ಟೀನ್ ಎಂಬ ನಿರಪರಾಧಿಯ ಉಡುಪಿನೊಳಗೆ ಸೇರಿ ಅವಳನ್ನು ಗಲ್ಲಿಗೇರಿಸುತ್ತದೆ. ಅಷ್ಟು ಅನಾಹುತಕ್ಕೆ ಸಾಕ್ಷಿಯಾದ ಚಿತ್ರ ಎರಡಂಗುಲದ್ದೋ ಮೂರಂಗುಲದ್ದೋ ಇದ್ದೀತು. ತನ್ನ ಮುಖವನ್ನು ಎದೆಯ ಮೇಲೆ ಧರಿಸುವ ಒಂದು ಜೀವ ಆ ಜೀವಿಗೂ ಇದ್ದಿದ್ದರೆ ಕಾದಂಬರಿಯೇ ನಡೆಯುತ್ತಿರಲಿಲ್ಲ.

ಈಗ ಅದರ ಚಿತ್ರಕ್ಕೇ ಕೈಹಾಕಿದ್ದೇನೆ. ಸಿನಿಮಾದವರು ಕತ್ತಿಗೆ ಜಡಿದ ಬೋಲ್ಟು ಬೇಡ. ಮೇರಿ ಶೆಲ್ಲಿ ಹೇಳಿದ ಹಳದಿ ಚರ್ಮ, ನೀಳ ಕರಿಗೂದಲು, ಮುತ್ತಿನಂಥ ಹಲ್ಲು ಸಾಕು. ಗಂಜಿ ಹಾಕಿದ ಬಿಳಿ ಕಾಲರ್ ಚೆನ್ನಾಗಿಯೇ ಒಪ್ಪಿದೆ. ನಾಯಿ ಬೆಕ್ಕುಗಳ ಚಿತ್ರಕ್ಕೆ ಮುಂಗಡ ಕೊಡುವವರಿದ್ದಾರೆ, ಸ್ಪಾಕನಿಗೂ ಗಿರಾಕಿಗಳಿದ್ದಾರೆ. ಇದಕ್ಕೆ ನಾನು ಕಾಸು ಕೇಳುವುದಿಲ್ಲ, ಹಾಕಿಕೊಳ್ಳಲು ಕತ್ತೊಂದು ಕೊಟ್ಟರೆ ಸಾಕು ಎನ್ನುತ್ತೇನೆ. ಕಾದಂಬರಿ ಓದಿದವರು ಅಷ್ಟಕ್ಕೇ ಹಿಂದೆ ಸರಿಯುತ್ತಾರೆ.